ತಿಂಡಿ ಬಿಟ್ಟರೆ ಮೈ ಇಳಿಯುವುದೇ?

ಬೆಳಗಿನ ತಿಂಡಿಯ ವಿಷಯದಲ್ಲಿ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಮನೆಗಳಲ್ಲಿ ಈಗ ಎರಡು ಬಗೆಯ ಮಾತು ಕೇಳಿಬರುತ್ತಿದೆ. ತಿಂಡಿ ತಿನ್ನದೆ ಹೊಸ್ತಿಲು ದಾಟಬಾರದು, ಹಸಿದು ಹೋದವರು ಮಧ್ಯಾಹ್ನ ಎರಡರಷ್ಟು ಉಂಡು ದಪ್ಪಗಾಗುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ತಿಂಡಿ ಬಿಟ್ಟರೆ ಅಷ್ಟಾದರೂ ತೂಕ ಇಳಿಯುತ್ತದೆ ಎಂದು ಮಗಳೋ ಸೊಸೆಯೋ ಒಂದು ಲೋಟ ಕಾಫಿ ಕುಡಿದು ಬಸ್ಸಿಗೆ ಹೊರಡುತ್ತಾರೆ. ದೊಡ್ಡ ಕುಟುಂಬದ ಅಡುಗೆಮನೆಯನ್ನು ಬಹುಕಾಲ ನಡೆಸಿದವಳಾಗಿ, ಈ ಬಗ್ಗೆ ನಡೆದಿರುವ ಅಧ್ಯಯನಗಳನ್ನೂ ಓದಿಕೊಂಡವಳಾಗಿ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಡಿ ತಿಂದ ಮಾತ್ರಕ್ಕೆ ಯಾರ ತೂಕವೂ ಇಳಿಯುವುದಿಲ್ಲ, ಬಿಟ್ಟ ಮಾತ್ರಕ್ಕೂ ಇಳಿಯುವುದಿಲ್ಲ. ಬೆಳಗ್ಗೆ ನಿಜವಾಗಿ ಹಸಿವಿದೆಯೇ, ತಟ್ಟೆಯಲ್ಲಿ ಏನಿದೆ, ತಿಂದವರು ಆಮೇಲೆ ಮಾಡುವ ಕೆಲಸ ಎಂಥದು, ರಾತ್ರಿ ಮಲಗುವವರೆಗೆ ಅವರ ಬಾಯಿಗೆ ಇನ್ನೇನೇನು ಹೋಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಮಾತಿಗೆ ಆಧಾರವಿದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 13 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಪರಿಶೀಲಿಸಿ, 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ತಿಂಡಿ ತಿಂದವರು ಬಿಟ್ಟವರಿಗಿಂತ ದಿನಕ್ಕೆ ಸರಾಸರಿ 260 ಕ್ಯಾಲೊರಿಯಷ್ಟು ಹೆಚ್ಚು ಆಹಾರ ಸೇವಿಸಿದ್ದರು, ಅವರ ತೂಕವೂ 440 ಗ್ರಾಂನಷ್ಟು ಹೆಚ್ಚಿತ್ತು. ಅದಕ್ಕೂ ಮೊದಲು, 2014ರಲ್ಲಿ, 309 ಜನರಿಗೆ 16 ವಾರಗಳ ಕಾಲ ಕೆಲವರಿಗೆ ತಿಂಡಿ ತಿನ್ನಲು, ಕೆಲವರಿಗೆ ಬಿಡಲು ಹೇಳಿ ನೋಡಿದಾಗ ತೂಕ ಇಳಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬೆಳಗ್ಗೆ ಬಿಟ್ಟವರು ಮಧ್ಯಾಹ್ನ ಸ್ವಲ್ಪ ಹೆಚ್ಚು ಉಣ್ಣುವುದು ನಿಜವೇ, ಆದರೆ ಬಿಟ್ಟದ್ದನ್ನೆಲ್ಲ ತುಂಬಿಕೊಳ್ಳುವಷ್ಟು ಸಾಮಾನ್ಯವಾಗಿ ಉಣ್ಣುವುದಿಲ್ಲ. ಹಿರಿಯರ ಹೆದರಿಕೆಗೆ ಇಲ್ಲಿ ಪೂರ್ಣ ಬೆಂಬಲ ಸಿಗುವುದಿಲ್ಲ. ಹಾಗೆಂದು ಕಿರಿಯರು ಗೆದ್ದರೆಂದೂ ತಿಳಿಯಬೇಕಾಗಿಲ್ಲ. ಮೊನಾಶ್‌ನವರು ನೋಡಿದ ಪ್ರಯೋಗಗಳಲ್ಲಿ ಹೆಚ್ಚಿನವು ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಕೆಲವೇ ದಿನ ಅಥವಾ ವಾರ ನಡೆದಂಥವು. ಅಲ್ಲಿನವರ ತಟ್ಟೆ ಬೇರೆ, ನಮ್ಮದು ಬೇರೆ. ಇನ್ನು 440 ಗ್ರಾಂ ಎಂಬುದು ತೂಕದ ಯಂತ್ರದ ಮೇಲೆ ಒಂದೇ ದಿನದಲ್ಲಿ ಹೆಚ್ಚುಕಡಿಮೆಯಾಗುವ ಮೊತ್ತ.

ಹಾಗಾದರೆ ತಿಂಡಿ ತಿನ್ನುವವರು ತೆಳ್ಳಗಿರುತ್ತಾರೆ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ? ಅಮೆರಿಕದಲ್ಲಿ ಸುಮಾರು 13 ಕಿಲೊಗಿಂತ ಹೆಚ್ಚು ತೂಕ ಇಳಿಸಿ, ಒಂದು ವರ್ಷಕ್ಕೂ ಮೀರಿ ಅದನ್ನು ಉಳಿಸಿಕೊಂಡವರ ದಾಖಲೆಯೊಂದನ್ನು ಇಡಲಾಗಿದೆ. ಅವರಲ್ಲಿ ನೂರಕ್ಕೆ 78 ಮಂದಿ ಪ್ರತಿದಿನವೂ ತಿಂಡಿ ತಿನ್ನುವವರು ಎಂದು 2002ರಲ್ಲಿ ಪ್ರಕಟವಾಯಿತು. ಆದರೆ ದಿನವೂ ಹೊತ್ತಿಗೆ ಸರಿಯಾಗಿ ತಿಂಡಿಗೆ ಕೂರುವವರು ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಮಲಗುತ್ತಾರೆ, ನಡೆದಾಡುತ್ತಾರೆ, ಬೀಡಿ ಸಿಗರೇಟಿನಿಂದ ದೂರವಿರುತ್ತಾರೆ. ಮೈ ಹಗುರವಾಗಿರಲು ಈ ಒಟ್ಟು ಶಿಸ್ತು ಕಾರಣವೋ, ಅದರೊಳಗಿನ ತಿಂಡಿಯೊಂದೇ ಕಾರಣವೋ ಎಂದು ಇಂಥ ದಾಖಲೆಯಿಂದ ಬೇರ್ಪಡಿಸಿ ಹೇಳಲಾಗದು.

ಈಗ ಹಸಿವಿನ ಮಾತಿಗೆ ಬರೋಣ, ಏಕೆಂದರೆ ಮನೆಯಲ್ಲಿ ನಾವು ನಿಭಾಯಿಸಬೇಕಾದದ್ದು ಅದನ್ನೇ. ಜಠರದಲ್ಲಿ ಹುಟ್ಟುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು, ಅದು ಮೆದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಊಟಕ್ಕೆ ಮೊದಲು ಅದು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ನಾವು ದಿನವೂ ಉಣ್ಣುವ ಹೊತ್ತು ಹತ್ತಿರವಾದಂತೆ ಅದು ತಾನಾಗಿಯೇ ಏರತೊಡಗುತ್ತದೆ. ಎಂಟು ಗಂಟೆಗೆ ತಿನ್ನುವ ರೂಢಿಯಿದ್ದವರಿಗೆ ಎಂಟಕ್ಕೆ ಹೊಟ್ಟೆ ಚುರುಗುಟ್ಟುವುದೂ, ವರ್ಷಗಟ್ಟಲೆ ತಿಂಡಿ ಬಿಟ್ಟವರಿಗೆ ಆ ಹೊತ್ತಿನಲ್ಲಿ ಏನೂ ಬೇಡವೆನಿಸುವುದೂ ಇದರಿಂದಲೇ. ಆದ್ದರಿಂದ ಹಸಿವಿಲ್ಲದ ಸೊಸೆಯ ತಟ್ಟೆಗೆ ಬಲವಂತದಿಂದ ಇನ್ನೊಂದು ರೊಟ್ಟಿ ಹಾಕುವುದು ಪ್ರೀತಿಯಿಂದಲೇ ಆದರೂ ಸರಿಯಲ್ಲ. ಆಕೆ ಮಧ್ಯಾಹ್ನ ಉಣ್ಣುವುದನ್ನು ಉಂಡೇ ಉಣ್ಣುತ್ತಾಳೆ, ನಾವು ಹಾಕಿದ್ದು ಅದರ ಮೇಲೆ ಸೇರುತ್ತದೆ, ಅಷ್ಟೆ. ಹಾಗೆಯೇ ಬೆಳಗ್ಗೆ ಚೆನ್ನಾಗಿ ಹಸಿಯುವ ದೇಹವುಳ್ಳವರು ತೂಕದ ಹೆಸರಿನಲ್ಲಿ ತಿಂಡಿ ಬಿಟ್ಟು, ಹನ್ನೊಂದು ಗಂಟೆಗೆ ಕಚೇರಿಯ ಪಕ್ಕದ ಹೋಟೆಲಿನಲ್ಲಿ ಎರಡು ಗೋಳಿಬಜೆ, ಒಂದು ಬನ್ಸ್ ತಿನ್ನುವುದರಿಂದ ಪ್ರಯೋಜನವಿಲ್ಲ.

ಮಲೆನಾಡಿನ ತಿಂಡಿಯ ಹಿಂದೆ ಒಂದು ಲೆಕ್ಕವಿತ್ತು ಎಂಬುದನ್ನು ನಮ್ಮವರು ಮರೆತಿರುವುದು ನನ್ನ ನಿಜವಾದ ಕಳವಳ. ಎದ್ದ ತಕ್ಷಣ ಕಡುಬಿಗೆ ಕೂರುವ ಪದ್ಧತಿ ತೋಟದ ಮನೆಗಳಲ್ಲಿ ಇರಲಿಲ್ಲ. ಕೊಟ್ಟಿಗೆಯ ಕೆಲಸ, ಹಾಲು ಕರೆಯುವುದು, ತೋಟಕ್ಕೊಂದು ಸುತ್ತು, ಸೊಪ್ಪಿನ ಹೊರೆ, ಇವೆಲ್ಲ ಮುಗಿದ ಮೇಲೆ ತಿಂಡಿ. ತಿಂದವರು ಮತ್ತೆ ಗದ್ದೆಗೋ ಬೆಟ್ಟಕ್ಕೋ ಹೋಗುತ್ತಿದ್ದರು. ನಾಟಿಯ ಕಾಲದಲ್ಲಿ ಮಳೆಯಲ್ಲಿ ಬಗ್ಗಿ ನಿಲ್ಲುವವರಿಗೆ, ಕೊಯ್ಲಿನಲ್ಲಿ ಅಡಿಕೆ ಗೊನೆ ಹೊರುವವರಿಗೆ ನಾಲ್ಕು ಕಡುಬು, ಅದರ ಮೇಲೆ ತುಪ್ಪ, ಜೊತೆಗೆ ಕಾಯಿಚಟ್ನಿ ಬೇಕೇ ಬೇಕಿತ್ತು. ಇಂದು ಅದೇ ಮನೆಯ ಮಗ ಕಾರಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ, ಮಿಕ್ಸಿ, ಗ್ರೈಂಡರ್, ನಲ್ಲಿ ನೀರು ಬಂದ ಮೇಲೆ ಹೆಂಗಸರ ಕೈಕೆಲಸವೂ ಕಡಿಮೆಯಾಗಿದೆ, ಆದರೆ ಕಡುಬಿನ ಸಂಖ್ಯೆ ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ. ತೂಕ ಏರಿದ್ದಕ್ಕೆ ಕಡುಬನ್ನು ದೂರುವುದು ಅನ್ಯಾಯ. ಅಕ್ಕಿಹಿಟ್ಟು 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಹಸಿ ತೆಂಗಿನತುರಿಯೂ 100 ಗ್ರಾಂಗೆ ಹೆಚ್ಚುಕಡಿಮೆ ಅಷ್ಟೇ, ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ 45ರ ಆಸುಪಾಸು. ಕಾವಲಿಯ ಮೇಲೆ ಕೈತುಂಬ ಎಣ್ಣೆ ಬಿಟ್ಟು ಬೇಯಿಸಿದ ಮೂರು ರೊಟ್ಟಿ, ಚಟ್ನಿ, ಮೇಲೊಂದು ಸಕ್ಕರೆ ಹಾಕಿದ ಕಾಫಿ ಸೇರಿದರೆ ಅದು ತಿಂಡಿಯಲ್ಲ, ಒಂದು ಊಟವೇ. ಮಧ್ಯಾಹ್ನದ ಊಟವನ್ನು ಅದಕ್ಕೆ ತಕ್ಕಂತೆ ಇಳಿಸುವವರು ಎಷ್ಟು ಜನ?

ಆದರೂ ನಮ್ಮ ತಿಂಡಿಯನ್ನು ಬಿಟ್ಟು ಪೊಟ್ಟಣದ ಸಿಹಿ ಧಾನ್ಯಕ್ಕೆ ಹಾಲು ಸುರಿದು ತಿನ್ನಿರಿ ಎಂದು ನಾನು ಎಂದಿಗೂ ಹೇಳುವುದಿಲ್ಲ. ನಮ್ಮ ತಟ್ಟೆಯ ಕೊರತೆ ಒಂದೇ, ಅಕ್ಕಿ ಹೆಚ್ಚು, ಕಾಳು ಕಡಿಮೆ. ಪ್ರೋಟೀನ್ ಇದ್ದ ಆಹಾರ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮತ್ತೆ ತಿನ್ನಬೇಕೆಂಬ ಆಸೆಯನ್ನು ತಡೆಯುತ್ತದೆ. ತೆಳುವಾದ ನೀರುದೋಸೆಯನ್ನು ಬೆಲ್ಲ ಕಾಯಿಯ ಜೊತೆ ಎಷ್ಟು ತಿಂದರೂ ಹತ್ತೂವರೆಗೆ ಮತ್ತೆ ಡಬ್ಬಿ ಹುಡುಕುವಂತಾಗುತ್ತದೆ. ಅದೇ ಎರಡು ದೋಸೆಯ ಪಕ್ಕದಲ್ಲಿ ಮೊಳಕೆ ಬರಿಸಿದ ಹೆಸರುಕಾಳಿನ ಪಲ್ಯವನ್ನೋ ಹುರುಳಿಕಾಳಿನ ಪಲ್ಯವನ್ನೋ ಒಂದು ಸಣ್ಣ ಬಟ್ಟಲು ಇಟ್ಟರೆ ಮಧ್ಯಾಹ್ನದವರೆಗೆ ಮನಸ್ಸು ಅತ್ತಿತ್ತ ಹೋಗುವುದಿಲ್ಲ. 30 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೊಟ್ಟೆ ತಿನ್ನುವ ಮನೆಯವರಿಗೆ ಕೆಲಸ ಸುಲಭ. ತಿನ್ನದವರು ರಾತ್ರಿಯೇ ಕಾಳು ನೆನೆಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು, ಇದಕ್ಕೆ ಎರಡು ನಿಮಿಷ ಸಾಕು. ಅಕ್ಕಿರೊಟ್ಟಿಯ ಹಿಟ್ಟಿಗೆ ಸಬ್ಬಸಿಗೆ ಸೊಪ್ಪನ್ನೋ ತುರಿದ ಸೌತೆಕಾಯಿಯನ್ನೋ ಧಾರಾಳವಾಗಿ ಸೇರಿಸಿದರೆ ಅದೇ ಗಾತ್ರದ ರೊಟ್ಟಿಯಲ್ಲಿ ಅಕ್ಕಿ ಕಡಿಮೆಯಾಗುತ್ತದೆ. ಕಾಯಿಚಟ್ನಿಯ ಬದಲು ವಾರದಲ್ಲಿ ಮೂರು ನಾಲ್ಕು ದಿನ ಕಾಯಿಯನ್ನು ಕಡಿಮೆ ಹಾಕಿ ಮಜ್ಜಿಗೆಯನ್ನು ಹೆಚ್ಚಿಸಿದ ಒಂದೆಲಗದ ತಂಬುಳಿ ಮಾಡಬಹುದು. ಕಡುಬಿನ ಅಕ್ಕಿತರಿಗೆ ಸ್ವಲ್ಪ ಹೆಸರುಬೇಳೆ ಸೇರಿಸಿದರೆ ರುಚಿ ಕೆಡುವುದಿಲ್ಲ. ಆವಿಯಲ್ಲಿ ಬೇಯಿಸುವುದು ನಮ್ಮಲ್ಲಿ ಇರುವ ದೊಡ್ಡ ಅನುಕೂಲ. ಎಣ್ಣೆಯ ತೊಟ್ಟೂ ಇಲ್ಲದೆ ತಿಂಡಿ ಮಾಡುವ ವಿದ್ಯೆ ನಮ್ಮ ಅಜ್ಜಿಯರಿಗೆ ಕರತಲಾಮಲಕವಾಗಿತ್ತು.

ಬೆಳಗ್ಗೆ ಹೆಚ್ಚು ಉಂಡು ರಾತ್ರಿ ಕಡಿಮೆ ಮಾಡಿದರೆ ತೂಕ ಬೇಗ ಇಳಿಯುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 30 ಜನರಿಗೆ ಒಂದು ತಿಂಗಳು ದೊಡ್ಡ ತಿಂಡಿ ಸಣ್ಣ ರಾತ್ರಿಯೂಟ, ಇನ್ನೊಂದು ತಿಂಗಳು ಸಣ್ಣ ತಿಂಡಿ ದೊಡ್ಡ ರಾತ್ರಿಯೂಟ ಕೊಟ್ಟು ಪರೀಕ್ಷಿಸಿದ್ದು 2022ರಲ್ಲಿ ಪ್ರಕಟವಾಗಿದೆ. ಒಟ್ಟು ಆಹಾರ ಸಮನಾಗಿದ್ದುದರಿಂದ ತೂಕ ಎರಡರಲ್ಲೂ ಒಂದೇ ರೀತಿ ಇಳಿಯಿತು, ಆದರೆ ಬೆಳಗ್ಗೆ ಹೆಚ್ಚು ತಿಂದಾಗ ದಿನವಿಡೀ ಹಸಿವು ಕಡಿಮೆಯಿತ್ತು. ಗೃಹಿಣಿಯ ಕಣ್ಣಿನಿಂದ ನೋಡಿದರೆ ಇದು ಬಹಳ ಉಪಯುಕ್ತವಾದ ತಿಳಿವಳಿಕೆ, ಏಕೆಂದರೆ ತೂಕ ಇಳಿಸುವ ಸಂಕಲ್ಪ ಮುರಿಯುವುದು ಹಸಿವಿನಿಂದ. ನಮ್ಮಲ್ಲಿ ರಾತ್ರಿ ಒಂಬತ್ತೂವರೆ ಹತ್ತಕ್ಕೆ ಟಿ.ವಿ. ಮುಂದೆ ಕೂತು ಮಧ್ಯಾಹ್ನಕ್ಕಿಂತ ದೊಡ್ಡ ಊಟ ಮಾಡುವ ಮನೆಗಳು ಹೆಚ್ಚುತ್ತಿವೆ. ಅಂಥವರಿಗೆ ಬೆಳಗ್ಗೆ ಹಸಿವಾಗುವುದಾದರೂ ಹೇಗೆ? ಬೆಳಗಿನ ತಿಂಡಿಯನ್ನು ಸರಿಪಡಿಸಬೇಕೆಂದಿದ್ದರೆ ಹಿಂದಿನ ರಾತ್ರಿಯ ಊಟವನ್ನು ಎಂಟು ಗಂಟೆಯ ಒಳಗೆ ತನ್ನಿ, ಅನ್ನವನ್ನು ಒಂದು ಸೌಟು ಇಳಿಸಿ ಪಲ್ಯವನ್ನು ಒಂದು ಸೌಟು ಏರಿಸಿ. ವಾರ ಕಳೆಯುವುದರೊಳಗೆ ಬೆಳಗಿನ ಹಸಿವು ತಾನಾಗಿ ಮರಳುತ್ತದೆ. ಅಡಿಕೆ ಸುಲಿಯುವ ತಿಂಗಳುಗಳಲ್ಲಿ ರಾತ್ರಿ ತಡವಾಗುವುದು ಅನಿವಾರ್ಯ. ಆಗ ಹತ್ತು ಗಂಟೆಯ ಕಾಫಿ ಚಕ್ಕುಲಿಯ ಬದಲು ಬಿಸಿ ಕಷಾಯ, ಒಂದು ಹಿಡಿ ಹುರಿದ ಕಡಲೆ ಇಟ್ಟರೆ ಕೈಕೆಲಸಕ್ಕೂ ಅಡ್ಡಿಯಿಲ್ಲ.

ಇಲ್ಲಿ ಒಂದು ಮಾತನ್ನು ಮನೆಯ ಹೆಂಗಸರಿಗಾಗಿಯೇ ಹೇಳಬೇಕು. ಎಲ್ಲರಿಗೂ ಬಿಸಿಬಿಸಿ ದೋಸೆ ಬಡಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಪಾತ್ರೆ ತೊಳೆದು, ಹನ್ನೊಂದರ ಹೊತ್ತಿಗೆ ತಳದಲ್ಲಿ ಉಳಿದ ಹಿಟ್ಟನ್ನೆಲ್ಲ ಹುಯ್ದು ತಿಂದು, ಒಂದೂವರೆಗೆ ಮತ್ತೆ ಊಟಕ್ಕೆ ಕೂರುವವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಅವರು ತಿಂಡಿ ಬಿಟ್ಟವರೂ ಅಲ್ಲ, ಹೊತ್ತಿಗೆ ತಿಂದವರೂ ಅಲ್ಲ. ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ನಡುನಡುವೆ ಮೂರು ಸಲ ಕಾಫಿ, ಇವು ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಆದರೆ ಮೈಗೆ ಸೇರುತ್ತವೆ. ಮಕ್ಕಳು ಕೂತಾಗಲೇ ನೀವೂ ತಟ್ಟೆ ಹಾಕಿಕೊಂಡು ಕೂರಿ. ಉಳಿದವರು ತಮ್ಮ ದೋಸೆಯನ್ನು ತಾವೇ ಹುಯ್ದುಕೊಳ್ಳಲು ಕಲಿಯಲಿ. ಉಳಿದ ಹಿಟ್ಟನ್ನು ಫ್ರಿಜ್ಜಿನಲ್ಲಿ ಇಡಬಹುದು. ಅನ್ನ ಚೆಲ್ಲಬಾರದೆಂಬ ನಮ್ಮ ಸಂಸ್ಕಾರ ದೊಡ್ಡದು, ಆದರೆ ಉಳಿದದ್ದನ್ನೆಲ್ಲ ಮನೆಯೊಡತಿಯ ಹೊಟ್ಟೆಗೇ ಸೇರಿಸಬೇಕೆಂದು ಆ ಸಂಸ್ಕಾರ ಹೇಳಿಲ್ಲ.

ತಿಂಡಿ ಬಿಡುವ ಪ್ರಯೋಗ ಸಲ್ಲದವರೂ ಇದ್ದಾರೆ. ಬೆಳೆಯುವ ಮಕ್ಕಳು, ಬಸುರಿಯರು, ಬಾಣಂತಿಯರು, ಎದೆಹಾಲು ಕುಡಿಸುವವರು ಇದಕ್ಕೆ ಕೈಹಾಕಬಾರದು. ದೂರದ ಹಳ್ಳಿಯಿಂದ ನಡೆದು, ಬಸ್ಸಿಗೆ ಕಾದು ಶಾಲೆಗೆ ಹೋಗುವ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಅವರಿಗೆ ಆಸರೆಯಾದರೂ ಅದನ್ನು ತಿಂಡಿಗೆ ಬದಲಿ ಎಂದು ಭಾವಿಸಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಕೆಲವು ಬಗೆಯ ಮಾತ್ರೆ ನುಂಗುವವರು ಔಷಧ ತೆಗೆದುಕೊಂಡು ತಿಂಡಿ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಎಲ್ಲವೂ ಸಂಭವಿಸಬಹುದು. ಏಕಾದಶಿ, ಸಂಕಷ್ಟಿಯ ಉಪವಾಸವನ್ನೂ ಇಂಥವರು ವೈದ್ಯರನ್ನು ಕೇಳಿಯೇ ಮಾಡಬೇಕು.

ಉಳಿದವರು ತಮ್ಮ ದೇಹಕ್ಕೆ ಯಾವುದು ಹಿಡಿಸುತ್ತದೆಂಬುದನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಮೂರು ವಾರ ಕಾಳು, ಮೊಟ್ಟೆ ಅಥವಾ ಮಜ್ಜಿಗೆ ಸೇರಿದ ಅಳತೆಯ ತಿಂಡಿಯನ್ನು ಒಂದೇ ಹೊತ್ತಿಗೆ ತಿನ್ನಿ. ಮುಂದಿನ ಮೂರು ವಾರ ಬೆಳಗ್ಗೆ ಹಸಿವಾದ ಮೇಲೆಯೇ ತಿನ್ನಿ, ಅದು ಹತ್ತು ಗಂಟೆಯಾದರೂ ಸರಿ. ಎರಡು ಅವಧಿಯಲ್ಲೂ ಹನ್ನೊಂದು ಗಂಟೆಗೆ, ಸಂಜೆ ಐದಕ್ಕೆ, ರಾತ್ರಿ ಮಲಗುವಾಗ ಹಸಿವು ಹೇಗಿತ್ತೆಂದು ಕ್ಯಾಲೆಂಡರಿನ ಮೇಲೆ ಒಂದೇ ಪದದಲ್ಲಿ ಬರೆದಿಡಿ. ಇಂಗ್ಲೆಂಡಿನ ಬಾತ್ ನಗರದ ಒಂದು ಅಧ್ಯಯನದಲ್ಲಿ ತಿಂಡಿ ಬಿಟ್ಟವರು ತಮಗರಿವಿಲ್ಲದೆಯೇ ಓಡಾಟವನ್ನೂ ಕಡಿಮೆ ಮಾಡಿಕೊಂಡಿದ್ದು ಕಂಡುಬಂದಿತ್ತು, ಆದ್ದರಿಂದ ಬೆಳಗಿನ ಕೆಲಸದಲ್ಲಿ ಚುರುಕು ಕುಗ್ಗಿತೇ ಎಂಬುದನ್ನೂ ಗಮನಿಸಿ. ತೂಕವನ್ನು ವಾರಕ್ಕೊಮ್ಮೆ, ಅದೇ ದಿನ, ಬೆಳಗ್ಗೆ ಏನನ್ನೂ ಸೇವಿಸುವ ಮೊದಲು ನೋಡಿದರೆ ಸಾಕು. ತೂಕಕ್ಕಿಂತ ಸೊಂಟದ ಸುತ್ತಳತೆ ಹೆಚ್ಚು ವಿಷಯ ತಿಳಿಸುತ್ತದೆ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದೆಂದು ವೈದ್ಯರು ಗೊತ್ತುಮಾಡಿದ್ದಾರೆ, ಬಟ್ಟೆ ಹೊಲಿಯುವ ಟೇಪಿನಿಂದಲೇ ಅದನ್ನು ಅಳೆಯಬಹುದು. ಯಾವ ಮೂರು ವಾರಗಳಲ್ಲಿ ಸಂಜೆಯ ಹೊತ್ತು ಕುರುಕಲು ಡಬ್ಬಿಯ ನೆನಪು ಕಡಿಮೆಯಾಗಿ, ರಾತ್ರಿಯ ಊಟ ಹಗುರವಾಯಿತೋ ಆ ಪದ್ಧತಿಯನ್ನೇ ಮುಂದುವರಿಸಿ. ಪಕ್ಕದ ಮನೆಯವರಿಗೆ ಇನ್ನೊಂದು ಹಿಡಿಸಿದ್ದರೆ ಅವರು ಹಾಗೆಯೇ ನಡೆಸಲಿ. ಎರಡರಲ್ಲೂ ಅಳತೆ ಏರುತ್ತಲೇ ಹೋದರೆ ಅಥವಾ ಪ್ರಯತ್ನವಿಲ್ಲದೆಯೇ ತೂಕ ಇಳಿಯತೊಡಗಿದರೆ ತಿಂಡಿಯ ವಿಚಾರವನ್ನು ಬದಿಗಿಟ್ಟು ಥೈರಾಯ್ಡ್ ಮತ್ತು ರಕ್ತದ ಸಕ್ಕರೆಯ ಪರೀಕ್ಷೆಯನ್ನು ತಡಮಾಡದೆ ಮಾಡಿಸಿಕೊಳ್ಳಿ.