ಅರವತ್ತು ಸಾವಿರ ಇಟ್ಟುಕೊಂಡು 207ರ ಇಂಜಿನ್ ಕಟ್ಟಿದ್ದು

ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟಿಗೆ, ಮುಂಚೆ ಹೊಗೆ ತಪಾಸಣೆಗೆ ಹೋದರೆ ಗಾಡಿ ಫೇಲ್. ನಮ್ಮದು 2008ರ ಟಾಟಾ 207 ಡಿಐ ಪಿಕಪ್. ಅಷ್ಟು ಹಳೆಯ ಡೀಸೆಲ್ ಗಾಡಿಗೆ 65 ಹಾರ್ಟ್ರಿಜ್ ಯೂನಿಟ್ (ಹೊಗೆಯ ದಟ್ಟಣೆಯ ಅಳತೆ) ಮಿತಿ, ನಮ್ಮದು ಪ್ರತಿ ಸಲವೂ ಅದನ್ನು ದಾಟಿತು. ಮೀಟರೇ ಬೇಕಿರಲಿಲ್ಲ ಅನ್ನಿ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಇಡ್ಲಿ ಪಾತ್ರೆಯ ಹಾಗೆ ಬುಸುಬುಸು ಅನ್ನುತ್ತಿತ್ತು. ತಿಪಟೂರಿನಿಂದ ಕಾಯಿ ಹೇರಿಕೊಂಡು ಬೆಂಗಳೂರಿಗೆ ಒಂದು ಸಲ ಹೋಗಿಬಂದರೆ ಹೆಚ್ಚುಕಮ್ಮಿ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಹಿಂದೆ ಬರುವ ಬೈಕಿನವರು ಬೈದುಕೊಂಡು ಓವರ್‌ಟೇಕ್ ಮಾಡುತ್ತಿದ್ದರು.

ಒಂದು ಗ್ಯಾರೇಜಿನಲ್ಲಿ ಎಲ್ಲಾ ಸೇರಿ ಒಂದು ಲಕ್ಷ ಹತ್ತು ಸಾವಿರ ಅಂದರು. ಕೊಬ್ಬರಿ ಮಾರಿದ್ದರಲ್ಲಿ ನನ್ನ ಕೈಲಿ ಇದ್ದದ್ದು ಅರವತ್ತು. ಸರಿ, ಸಾಮಾನು ನಾನೇ ತರುತ್ತೇನೆ, ಬಿಚ್ಚಿ ಕೂರಿಸುವ ಕೂಲಿ ಮಾತ್ರ ಕೊಡುತ್ತೇನೆ ಅಂತ ನಮ್ಮೂರಿನ ಹಳೇ ಮೆಕ್ಯಾನಿಕ್ ಭಾಯಿ ಹತ್ತಿರ ಒಪ್ಪಂದ ಮಾಡಿಕೊಂಡೆ.

ಮೊದಲ ತಪ್ಪನ್ನು ಇಂಜಿನ್ ಇಳಿಸುವ ಮೊದಲೇ ಮಾಡಿದೆ. ಬೆಳಿಗ್ಗೆ ರೈಲು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲಿಂದ ಜೆ.ಸಿ. ರಸ್ತೆಗೆ ಹೋಗಿ, ಹೇಗೂ ಬಂದಿದ್ದೇನಲ್ಲ ಅಂತ ಕ್ರ್ಯಾಂಕನ್ನು ಹಿಡಿಯುವ ಮೇನ್ ಬೇರಿಂಗ್, ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗ್ ಎರಡೂ ಸ್ಟ್ಯಾಂಡರ್ಡ್ ಸೈಜ್ ತಂದುಬಿಟ್ಟೆ. ವಾರದ ಮೇಲೆ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ತುಮಕೂರಿನ ಲೇತ್ ಅಂಗಡಿಗೆ ಹೋಯಿತು. ಅಲ್ಲಿನ ಯಜಮಾನರು ಮೈಕ್ರೋಮೀಟರ್ ಹಿಡಿದು ಬೇರಿಂಗ್ ಕೂರುವ ಒಂದೊಂದು ಜರ್ನಲ್ಲನ್ನೂ ಎರಡು ದಿಕ್ಕಿನಲ್ಲಿ ಅಳೆದರು. ಮೂರನೇ ಬಿಗ್ ಎಂಡ್‌ನಲ್ಲಿ ಗೀರು ಬಿದ್ದಿತ್ತು, ದುಂಡಗೂ ಇರಲಿಲ್ಲ. ಗ್ರೈಂಡ್ ಮಾಡಿ ಹತ್ತು ಸೈಜಿಗೆ, ಅಂದರೆ 0.25 ಮಿ.ಮೀ. ಕಡಿಮೆಗೆ ತರಲೇಬೇಕು. ನನ್ನ ಕೈಯಲ್ಲಿದ್ದ ಡಬ್ಬ ನೋಡಿ ನಕ್ಕರು: “ಗೌಡ್ರೆ, ಅಳತೆ ಕೊಡದೆ ಬಟ್ಟೆ ಹೊಲಿಸ್ಕೊಂಡು ಬಂದ್ರಾ?” ಪ್ಯಾಕೆಟ್ ಒಡೆದಿದ್ದೆ, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ನಾಲ್ಕು ಸಾವಿರ ಹೋಯಿತು. ಆಮೇಲೆ ಅಳತೆಯ ಚೀಟಿ ಜೇಬಿನಲ್ಲಿಲ್ಲದೆ ಒಂದು ವಾಷರ್ ಕೂಡ ತರಲಿಲ್ಲ.

ಈ ಇಂಜಿನ್ನಿನ ಅಳತೆ ನೆನಪಿಡುವುದು ಸುಲಭ. ಹೆಸರು 497. ನಾಲ್ಕು ಸಿಲಿಂಡರ್, 97 ಮಿ.ಮೀ. ಬೋರ್, ಅಂದರೆ ಪಿಸ್ಟನ್ ಆಡುವ ಕೊಳವೆಯ ಅಗಲ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 100 ಮಿ.ಮೀ., ಒಟ್ಟು 2956 ಸಿಸಿ. ಹಳೇ ಟಾಟಾಮೊಬೈಲ್ ಪಿಕಪ್ಪಿನ 483 ಇಂಜಿನ್ನಿನ ಹೆಸರೂ ಇದೇ ಲೆಕ್ಕ, ಬೋರ್ 83. ನಮ್ಮ ಬೋರ್ ಕೆಳಗೆ ಹೆಚ್ಚು ಸವೆದಿರಲಿಲ್ಲ, ಆದರೆ ಮೇಲ್ಗಡೆ, ಪಿಸ್ಟನ್ನಿನ ಟಾಪ್ ರಿಂಗ್ ನಿಂತು ತಿರುಗುವ ಜಾಗದಲ್ಲಿ 97.40ರ ಹತ್ತಿರ ತೋರಿಸಿತು. ಉಗುರು ಆಡಿಸಿದರೆ ಏಣು ಸಿಗುತ್ತಿತ್ತು. “ಬರೀ ರಿಂಗ್ ಹಾಕ್ಸಿ ಸಾಕು, ಎರಡು ವರ್ಷ ಓಡುತ್ತೆ” ಅಂತ ಊರಲ್ಲಿ ಮೂರು ಜನ ಹೇಳಿದ್ದರು. ಸವೆದ ಬೋರಿಗೆ ಹೊಸ ರಿಂಗ್ ಹಾಕಿದರೆ ಚೂಪಾದ ಹೊಸ ಅಂಚು ಆ ಏಣಿಗೆ ಹೊಡೆದು ಮುರಿಯುತ್ತದೆ. ಮುರಿಯದಿದ್ದರೂ, ಮೇಲೆ ಅಗಲ ಕೆಳಗೆ ಕಿರಿದಾದ ಬೋರಿನಲ್ಲಿ ರಿಂಗಿನ ಬಾಯಿ (ಎರಡು ತುದಿಗಳ ನಡುವಿನ ಸಂದು) ತೆರೆದು ಮುಚ್ಚುತ್ತಾ ಕೆಲವೇ ತಿಂಗಳಲ್ಲಿ ಮತ್ತೆ ಹೊಗೆ. ಅದಕ್ಕೇ ಲೈನರ್ (ಬೋರಿನೊಳಗೆ ಕೂರುವ ಕೊಳವೆ), ಪಿಸ್ಟನ್, ಪಿನ್, ರಿಂಗ್ ಎಲ್ಲಾ ಇರುವ ಪೂರ್ತಿ ಕಿಟ್ ತಂದೆ. ಹನ್ನೊಂದೂವರೆ ಸಾವಿರ. ಲೈನರ್ ಪ್ರೆಸ್ ಮಾಡಿಸಿ, ಬೋರ್ ಹೊಡೆಸಿ, ಕಲ್ಲಿನಿಂದ ಉಜ್ಜಿ ಹೋನಿಂಗ್ ಮಾಡಿಸುವಾಗ ಪಿಸ್ಟನ್ನುಗಳನ್ನೂ ಲೇತಿನವರ ಕೈಗೇ ಕೊಟ್ಟೆ. ಯಾವ ಬೋರಿಗೆ ಯಾವ ಪಿಸ್ಟನ್ ಅಂತ ಅವರೇ ಅಳೆದು ನಂಬರ್ ಹೊಡೆದರು.

ಜೆ.ಸಿ. ರಸ್ತೆಯಲ್ಲಿ ಒಂದೇ ಸಾಮಾನಿಗೆ ಮೂರು ರೇಟು. ಟಾಟಾ ಡಬ್ಬದಲ್ಲಿ ಬರುವ ಕಂಪನಿ ಮಾಲು, ಗೋಟ್ಜೆ, ಇಂಡಿಯಾ ಪಿಸ್ಟನ್ಸ್, ಬೈಮೆಟಲ್, ಟಾಲ್‌ಬ್ರೋಸ್ ಥರದ ಹೆಸರಿರುವ ತಯಾರಕರದು, ಕೊನೆಗೆ ಹೆಸರಿಲ್ಲದ ಲೋಕಲ್. ನಾನು ಬಹುಪಾಲು ನಡುವಿನದನ್ನೇ ತಗೊಂಡೆ. ಭಯ ಇದ್ದದ್ದು ಡೂಪ್ಲಿಕೇಟಿನದು. ಒಂದು ಅಂಗಡಿಯಲ್ಲಿ ಪಿಸ್ಟನ್ ಕಿಟ್ ಎರಡು ಸಾವಿರ ಕಡಿಮೆಗೆ ಸಿಕ್ಕಿತ್ತು, ಡಬ್ಬವೂ ಥೇಟ್ ಹಾಗೇ ಇತ್ತು. ಬಿಲ್ ಕೇಳಿದಾಗ ಕಚ್ಚಾ ಚೀಟಿ ಬರೆಯಹೊರಟರು, ಎದ್ದು ಬಂದೆ. ಇನ್ನೊಂದು ಕಡೆ ಪಕ್ಕಾ ಬಿಲ್‌ನಲ್ಲಿ ತಂದ ಕಿಟ್ಟಿನ ನಾಲ್ಕೂ ಪಿಸ್ಟನ್ನುಗಳನ್ನು ನಮ್ಮ ಬೀದಿಯ ಬೇಕರಿಯ ತಕ್ಕಡಿಯಲ್ಲಿ ತೂಗಿದೆ. ಬೇಕರಿ ಹುಡುಗನಿಗೆ ಭಾರಿ ಖುಷಿ. ನಾಲ್ಕರ ನಡುವೆ ಎರಡು ಮೂರು ಗ್ರಾಂ ಮಾತ್ರ ವ್ಯತ್ಯಾಸ, ಸಮಾಧಾನವಾಯಿತು. ತೂಕ ಒಂದಕ್ಕೊಂದು ಹೊಂದದಿದ್ದರೆ ಇಂಜಿನ್ ನಡುಗುತ್ತದೆ.

ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದಕ್ಕೆ ನಾನಿಟ್ಟುಕೊಂಡ ಲೆಕ್ಕ ಒಂದೇ: ಈ ಸಾಮಾನು ಕೆಟ್ಟರೆ ಇಂಜಿನ್ ಮತ್ತೆ ಇಳಿಸಬೇಕಾ? ಹೌದು ಅಂದರೆ ಹೊಸದು. ಬೇರಿಂಗ್, ಥ್ರಸ್ಟ್ ವಾಷರ್, ಕನೆಕ್ಟಿಂಗ್ ರಾಡಿನ ಬೋಲ್ಟು, ಹಿಂದಿನ ಆಯಿಲ್ ಸೀಲ್, ಆಯಿಲ್ ಪಂಪ್ ಇವೆಲ್ಲ ಹೊಸದಾದವು. ರಾಡ್ ಬೋಲ್ಟ್ ನೋಡೋಕೆ ಚೆನ್ನಾಗೇ ಇದ್ದವು, ಭಾಯಿ ಕೂಡ ಬೇಡ ಅಂದ. ಆದರೆ ಓಡುವಾಗ ಅದು ತುಂಡಾದರೆ ರಾಡ್ ಬ್ಲಾಕನ್ನೇ ಸೀಳಿಕೊಂಡು ಹೊರಗೆ ಬರುತ್ತದೆ, ಅಲ್ಲಿ ಎಂಟುನೂರು ರೂಪಾಯಿ ಉಳಿಸುವ ಧೈರ್ಯ ನನಗಿರಲಿಲ್ಲ. ಕ್ಲಚ್ ಪ್ಲೇಟೂ ಹೊಸದು ಹಾಕಿದೆ, ಹೇಗೂ ಗೇರ್‌ಬಾಕ್ಸ್ ಬಿಚ್ಚಿತ್ತಲ್ಲ. ಪ್ರೆಷರ್ ಪ್ಲೇಟ್ ಹಳೆಯದೇ. ಸ್ಟಾರ್ಟರಿಗೆ ಬುಷ್ ಮತ್ತು ಕಾರ್ಬನ್, ವಾಟರ್ ಪಂಪಿಗೆ ಬೇರಿಂಗ್ ಮತ್ತು ಸೀಲ್, ಆಲ್ಟರ್ನೇಟರ್ ಇದ್ದ ಹಾಗೇ. ಇವು ಕೆಟ್ಟರೆ ರಸ್ತೆ ಬದಿಯಲ್ಲೇ ನಿಂತು ಬಿಚ್ಚಬಹುದು.

ವಾಲ್ವುಗಳಿರುವ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ಡಿಗೆ ಖರ್ಚು ಮಾಡುವ ಮೊದಲು ಪ್ರೆಷರ್ ಟೆಸ್ಟ್ ಮಾಡಿಸಿದೆ. ವಾಲ್ವ್ ಸೀಟುಗಳ ನಡುವೆ ಬಿರುಕಿದ್ದರೆ ಗೈಡ್, ವಾಲ್ವ್ ಹಾಕಿದ ದುಡ್ಡೆಲ್ಲಾ ನೀರುಪಾಲು. ಬಿರುಕಿರಲಿಲ್ಲ. ವಾಲ್ವ್ ಆಡುವ ಎಂಟೂ ಗೈಡ್ ಹೊಸದು, ಎಕ್ಸಾಸ್ಟ್ ವಾಲ್ವ್ ಎರಡು ಹೊಸದು, ಉಳಿದವನ್ನು ಗ್ರೈಂಡ್ ಮಾಡಿಸಿ ಲ್ಯಾಪಿಂಗ್ ಮಾಡಿದೆವು. ಸಂಜೆ ಕೂತು ಕೋಲು ತಿರುಗಿಸುತ್ತಾ ವಾಲ್ವ್ ಉಜ್ಜುವುದು ಬೆಣ್ಣೆ ಕಡೆದ ಹಾಗಿತ್ತು. ಆ ಕೆಲಸ ನನಗೆ ಇಷ್ಟವಾಯಿತು.

ಇಂಜಿನ್ನಿಗೆ ಡೀಸೆಲ್ ಚಿಮುಕಿಸುವ ನಾಜಲ್ ವಿಷಯಕ್ಕೆ ಮನೆಯಲ್ಲೂ ಜಗಳವಾಯಿತು. “ಬಜೆಟ್ ಅಂತೀರ, ದಿನಾ ಒಂದು ಸೇರಿಸ್ತೀರ” ಅಂದಳು ಹೆಂಡತಿ. ಸರಿಯೇ. ಆದರೆ ನಾಜಲ್ ಡೀಸೆಲ್ಲನ್ನು ಮಂಜಿನ ಹಾಗೆ ಸಿಂಪಡಿಸದೆ ತೊಟ್ಟಿಕ್ಕಿದರೆ ಬೋರಿನ ಆಯಿಲ್ ತೊಳೆದುಹೋಗುತ್ತದೆ, ಪಿಸ್ಟನ್ ತಲೆಯೇ ಸುಡಬಹುದು. ಟೆಸ್ಟ್ ಬೆಂಚಿನಲ್ಲಿ ಎರಡು ತೊಟ್ಟಿಕ್ಕಿದವು, ನಾಲ್ಕನ್ನೂ ಬದಲಾಯಿಸಿದೆ. ಡೀಸೆಲ್ ಪಂಪಿಗೆ ಕ್ಯಾಲಿಬ್ರೇಷನ್ (ಅಳತೆ ಸರಿಪಡಿಸುವುದು) ಮಾತ್ರ.

ಇಷ್ಟೆಲ್ಲಾ ಆಗುವಾಗ ನನ್ನ ತಲೆ ಕೊರೆಯುತ್ತಿದ್ದದ್ದು ಬೇರೆ. ನಾನು ಗಾಡಿ ಕೊಳ್ಳುವ ಮೊದಲೇ ಒಂದು ಸಲ ಇಂಜಿನ್ ಕೆಲಸ ಆಗಿತ್ತಂತೆ. ಇಷ್ಟು ಬೇಗ ಯಾಕೆ ಸವೆಯಿತು? ಉತ್ತರ ಸಿಕ್ಕಿದ್ದು ಏರ್ ಫಿಲ್ಟರಿನಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪಿನಲ್ಲಿ. ಒಳಗೆ ಬೆರಳಾಡಿಸಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿನ ಕೆಂಪು ಧೂಳು. ಕ್ಲಿಪ್ಪಿನ ಅಡಿಯಲ್ಲೇ ಪೈಪ್ ಸೀಳಿತ್ತು, ಮೇಲಿನಿಂದ ಕಾಣುತ್ತಿರಲಿಲ್ಲ. ತೋಟದ ದಾರಿಯ ಧೂಳು ಫಿಲ್ಟರಿಗೆ ಹೋಗದೆ ನೇರ ಬೋರಿಗೆ ಹೋಗುತ್ತಿತ್ತು. ನಾನೂರು ರೂಪಾಯಿಯ ಪೈಪು, ಎರಡು ಹೊಸ ಕ್ಲಿಪ್ಪು. ಅದನ್ನು ನೋಡದೆ ಕಂಪನಿ ಪಿಸ್ಟನ್ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ರೇಡಿಯೇಟರನ್ನೂ ಬಿಚ್ಚಿಸಿ ಒಳಗಿನ ಕೊಳವೆಗಳಿಗೆ ಕಡ್ಡಿ ಹೊಡೆಸಿದೆ, ಮೂರನೇ ಒಂದು ಭಾಗ ಕಟ್ಟಿತ್ತು.

ಕ್ರ್ಯಾಂಕ್ ಗ್ರೈಂಡಿಂಗ್‌ನಿಂದ ಬಂದ ದಿನ ಭಾಯಿ ಕೂರಿಸೋಣ ಅಂದ. ನಾನು ಒಪ್ಪಲಿಲ್ಲ. ಆಯಿಲ್ ರಂಧ್ರಗಳಿಗೆ ತಂತಿ ಹಾಕಿ, ಸೀಮೆಎಣ್ಣೆ ಬಿಟ್ಟು, ಗಾಳಿ ಹೊಡೆದು ಅರ್ಧ ದಿನ ತೊಳೆದೆ. ಮೂರನೇ ಸಲವೂ ಬಟ್ಟೆಯಲ್ಲಿ ಬೂದು ಪುಡಿ ಬಂತು. ಬೋರುಗಳನ್ನು ಸೋಪಿನ ನೀರಲ್ಲಿ ತಿಕ್ಕಿ, ಒರೆಸಿ, ತುಕ್ಕು ಹಿಡಿಯುವ ಮೊದಲು ಆಯಿಲ್ ಸವರಿದೆ. ರಿಂಗುಗಳನ್ನು ಒಂದೊಂದಾಗಿ ಬೋರಿನೊಳಗಿಟ್ಟು ಫೀಲರ್ ಗೇಜಿನಿಂದ ಬಾಯಿ ಅಳೆದಾಗ ಒಂದರಲ್ಲಿ ಗ್ಯಾಪ್ ತೀರಾ ಕಡಿಮೆ. ಸಣ್ಣ ಅರದಿಂದ ಉಜ್ಜಿ ಸರಿಮಾಡಿದೆವು. ಹಾಗೇ ಹಾಕಿದ್ದರೆ ಬಿಸಿಗೆ ಹಿಗ್ಗಿ ತುದಿಗೆ ತುದಿ ತಾಗಿ ಬೋರ್ ಕೆರೆಯುತ್ತಿತ್ತು.

ಒಟ್ಟು ಬಂದದ್ದು 64,300, ದಂಡವಾದ ಬೇರಿಂಗೂ ಸೇರಿ. ಮೊದಲ ಐನೂರು ಕಿ.ಮೀ. ಅರ್ಧ ಲೋಡಿನಲ್ಲೇ ಓಡಿಸಿ ಆಯಿಲ್ ಇಳಿಸಿದೆ. ಬಾಣಲೆಗೆ ಸುರಿದು ಬಿಸಿಲಿಗೆ ಹಿಡಿದಾಗ ಲೋಹದ ಪುಡಿಯ ಸಣ್ಣ ಮಿನುಗು ಇತ್ತು, ಎರಡನೇ ಸಲ ಇರಲಿಲ್ಲ. ಹೊಗೆ ತಪಾಸಣೆ ಪಾಸಾಯಿತು. ಈಗ ಬೆಂಗಳೂರಿಗೆ ನಾಲ್ಕು ಟ್ರಿಪ್ ಹೋಗಿಬಂದರೂ ಡಿಪ್‌ಸ್ಟಿಕ್ಕಿನ ಗೆರೆ ಇಳಿದಿಲ್ಲ. ಉಳಿಸಿಕೊಂಡ ಆಲ್ಟರ್ನೇಟರ್ ಮಾತ್ರ ಎರಡನೇ ತಿಂಗಳಿಗೆ ಕುಣಿಗಲ್ ಹತ್ತಿರ ಕೈಕೊಟ್ಟಿತು. ರಸ್ತೆ ಬದಿಯಲ್ಲೇ ಬಿಚ್ಚಿದೆ.