ಬಟರ್ ಮೋಚಿ: ರೊಟ್ಟಿಯ ಅಕ್ಕಿಹಿಟ್ಟು ಇದಕ್ಕಾಗದು

ಮೊದಲ ಸಲ ಬಟರ್ ಮೋಚಿ ಎಂಬ ಹವಾಯಿಯ ಅಂಟಂಟು ಅಕ್ಕಿಹಿಟ್ಟಿನ ಕೇಕ್ ಮಾಡಹೊರಟಾಗ ಡಬ್ಬದಲ್ಲಿದ್ದ ರೊಟ್ಟಿ ಹಿಟ್ಟನ್ನೇ ಸುರಿದಿದ್ದೆ. ಓವನ್‌ನಿಂದ ಹೊರಬಂದದ್ದು ಅತ್ತ ಹಾಲುಬಾಯಿಯೂ ಅಲ್ಲ, ಇತ್ತ ಕೇಕೂ ಅಲ್ಲ. ಚಾಕು ತಾಗಿಸಿದರೆ ಪುಡಿಪುಡಿ. ಓವನ್ನನ್ನು ಬೈದುಕೊಂಡೆ; ತಪ್ಪು ಅಕ್ಕಿಯದಾಗಿತ್ತು.

ಜಪಾನಿನಲ್ಲಿ ಮೋಚಿ ಹೊಸ ವರ್ಷದ ತಿನಿಸು. ಹಬೆಯಲ್ಲಿ ಬೇಯಿಸಿದ ಅಂಟಕ್ಕಿಯನ್ನು ಒರಳಿಗೆ ಹಾಕಿ ಮರದ ಕೊಡತಿಯಿಂದ ಕುಟ್ಟಿ ಕುಟ್ಟಿ ಮಾಡುವಂಥದ್ದು, ಓವನ್ನಿನ ಮಾತೇ ಇಲ್ಲ. 1885ರಿಂದ ಕಬ್ಬಿನ ತೋಟಗಳ ಕೂಲಿಗೆಂದು ಹವಾಯಿಗೆ ಸಾವಿರಾರು ಜಪಾನಿಯರು ಹೋದರಲ್ಲ, ಅವರೊಂದಿಗೆ ಮೋಚಿಯೂ ಹೋಯಿತು. ಆ ದ್ವೀಪಗಳಲ್ಲಿ ತೆಂಗಿನ ಹಾಲು, ಬೆಣ್ಣೆ, ಮೊಟ್ಟೆ ಕೂಡಿಕೊಂಡು ಬಟರ್ ಮೋಚಿಯಾಯಿತು. ಫಿಲಿಪ್ಪೀನ್ಸಿನ ಅಕ್ಕಿಹಿಟ್ಟಿನ ಕೇಕಾದ ಬಿಬಿಂಕಾದ ಹೋಲಿಕೆಯೂ ಇದರಲ್ಲಿದೆ.

ಈಗ ಹಿಟ್ಟಿನ ವಿಷಯ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂದು ಎರಡು ಬಗೆ. ನಮ್ಮ ಊಟದ ಅಕ್ಕಿಯಲ್ಲಿ ಎರಡೂ ಇರುತ್ತವೆ. ಅಂಟಕ್ಕಿಯಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಮೋಚಿಯ ಜಗಿತ ಬರುವುದು ಅಲ್ಲಿಂದ. ಅಂಗಡಿಯಲ್ಲಿ ‘ಮೋಚಿಕೋ’ ಅಥವಾ ‘ಗ್ಲುಟಿನಸ್ ರೈಸ್ ಫ್ಲೋರ್’ ಎಂದಿರುವ ಪೊಟ್ಟಣ ಹುಡುಕಿ. ಹೆಸರು ಹಾಗಿದ್ದರೂ ಇದರಲ್ಲಿ ಗ್ಲುಟೆನ್, ಅಂದರೆ ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್, ಇಲ್ಲ. ‘ಜೋಶಿಂಕೋ’ ಎಂದಿದ್ದರೆ ಮಾತ್ರ ವಾಪಸ್ ಇಡಿ, ಅದು ಜಪಾನಿನ ಮಾಮೂಲಿ ಅಕ್ಕಿಯ ಹಿಟ್ಟು. ಅಸ್ಸಾಮಿನ ಬೋರಾ ಅಕ್ಕಿ ಸಿಕ್ಕರೆ ರಾತ್ರಿ ನೆನೆಹಾಕಿ, ನೀರು ಬಸಿದು, ಬಟ್ಟೆಯ ಮೇಲೆ ಆರಿಸಿ, ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿಯಬಹುದು.

ಎಂಟು ಇಂಚಿನ ಚೌಕ ಟ್ರೇಗೆ ಬೇಕಾದದ್ದು: ಅಂಟಕ್ಕಿ ಹಿಟ್ಟು 225 ಗ್ರಾಂ, ಸಕ್ಕರೆ 180 ಗ್ರಾಂ, ಬೇಕಿಂಗ್ ಪೌಡರ್ 1 ಟೀ ಚಮಚ, ಚಿಟಿಕೆ ಉಪ್ಪು, ದಪ್ಪ ತೆಂಗಿನ ಹಾಲು 200 ಮಿ.ಲೀ., ಮೊಟ್ಟೆ 2, ಬೆಣ್ಣೆ 55 ಗ್ರಾಂ, ವೆನಿಲಾ ಎಸೆನ್ಸ್ 1 ಟೀ ಚಮಚ. ಜೊತೆಗೆ 360 ಮಿ.ಲೀ. ಹಾಲನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಂಗಿಸಿ ಆರಿಸಿಟ್ಟುಕೊಳ್ಳಿ.

ಓವನ್ 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ. ಟ್ರೇಗೆ ಬಟರ್ ಪೇಪರ್ ಹಾಸಿ. ಒಣ ಸಾಮಾನು ಒಂದು ಪಾತ್ರೆಯಲ್ಲಿ ಕಲಸಿ, ಇನ್ನೊಂದರಲ್ಲಿ ಮೊಟ್ಟೆ, ಎರಡೂ ಹಾಲು, ವೆನಿಲಾ, ಕರಗಿಸಿದ ಬೆಣ್ಣೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಹಾಲಾದರೆ ಬೆಣ್ಣೆ ಗಂಟುಗಟ್ಟುತ್ತದೆ, ಹುಷಾರು. ಎರಡನ್ನೂ ಬೆರೆಸಿ ಗಂಟಿಲ್ಲದಂತೆ ಕದಡಿ. ಮೈದಾ ಕೇಕಿನಲ್ಲಿ ಹೆಚ್ಚು ಕದಡಿದರೆ ಗಟ್ಟಿಯಾಗುವ ಭಯವಿದೆ. ಇಲ್ಲಿ ಗ್ಲುಟೆನ್ನೇ ಇಲ್ಲದ ಕಾರಣ ಕೈ ಸೋಲುವವರೆಗೂ ಕದಡಬಹುದು. ಹಿಟ್ಟು ದೋಸೆಯದಕ್ಕಿಂತ ತೆಳು, ನೀರುದೋಸೆಯದಕ್ಕಿಂತ ದಪ್ಪ ಇರಬೇಕು. ಟ್ರೇಗೆ ಸುರಿದು, ಗುಳ್ಳೆ ಹೋಗಲು ಕಟ್ಟೆಯ ಮೇಲೆ ಎರಡು ಸಲ ಕುಟ್ಟಿ.

ಮಧ್ಯದ ಅಂತಸ್ತಿನಲ್ಲಿ 50ರಿಂದ 60 ನಿಮಿಷ. ಕಡ್ಡಿ ಚುಚ್ಚಿ ನೋಡುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ, ಬೆಂದರೂ ಅದಕ್ಕೆ ಸ್ವಲ್ಪ ಅಂಟುತ್ತದೆ. ಮೇಲ್ಭಾಗ ಹೊಂಬಣ್ಣ ಬಂದು, ಅಂಚು ಕಂದಾಗಿ, ಟ್ರೇ ಅಲುಗಿಸಿದಾಗ ನಡುಭಾಗ ತುಳುಕದಿದ್ದರೆ ಆಯಿತು.

ಇನ್ನು ಎಲ್ಲಕ್ಕಿಂತ ಕಷ್ಟದ ಹಂತ: ಎರಡು ಗಂಟೆ ಮುಟ್ಟದಿರುವುದು. ಬಿಸಿಯಲ್ಲಿ ಕತ್ತರಿಸಿದರೆ ಚಾಕುವಿಗೆ ಅಂಟಿನಂತೆ ಎಳೆಯುತ್ತದೆ. ಆರಿದ ಮೇಲೂ ಸ್ಟೀಲಿಗಿಂತ ಪ್ಲಾಸ್ಟಿಕ್ ಚಾಕುವೇ ವಾಸಿ. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಸಣ್ಣ ಸಣ್ಣ ತುಂಡು ಮಾಡಿ ಕೊಡಿ. ಜಪಾನಿನಲ್ಲಿ ಪ್ರತಿ ಹೊಸ ವರ್ಷಕ್ಕೂ ಮೋಚಿ ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಹಿರಿಯರಿಗೆ ಎಚ್ಚರಿಕೆ ಹೇಳುತ್ತಾರೆ.

ಮುಚ್ಚಿದ ಡಬ್ಬದಲ್ಲಿ ಹೊರಗೇ ಇಟ್ಟು ಮರುದಿನದೊಳಗೆ ಮುಗಿಸಿ. ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಬಿಗಿದು ಗಟ್ಟಿಯಾಗುತ್ತದೆ; ಹಾಗಾದರೆ ಮೈಕ್ರೋವೇವಿನಲ್ಲಿ 15 ಸೆಕೆಂಡು ಸಾಕು. ಜಪಾನಿನಲ್ಲಿ ಮೋಚಿಯ ಮೇಲೆ ಉದುರಿಸುವ ಕಿನಾಕೋ, ಅಂದರೆ ಹುರಿದ ಸೋಯಾ ಪುಡಿ, ಇದಕ್ಕೂ ಹೊಂದುತ್ತದೆ. ಅದು ಸಿಗದ ದಿನ ನಾನು ಹುರಿಗಡಲೆ ಪುಡಿಗೆ ಸಕ್ಕರೆ ಬೆರೆಸಿ ಉದುರಿಸುತ್ತೇನೆ.