ಸೂಪರ್ 8ರಲ್ಲಿ ಎಕ್ಟಾಕ್ರೋಮ್: ಬೆಳಕು ಅಳೆಯೋದೇ ಅರ್ಧ ಕೆಲಸ
ಸೂಪರ್ 8 ಅಂದರೆ 8 ಮಿ.ಮೀ. ಅಗಲದ ಸಿನಿಮಾ ಫಿಲ್ಮ್. ಎಕ್ಟಾಕ್ರೋಮ್‌ನಂಥ ರಿವರ್ಸಲ್ ಫಿಲ್ಮ್ ತೊಳೆಸಿದರೆ ಕ್ಯಾಮೆರಾದೊಳಗೆ ಓಡಿದ ಅದೇ ರೀಲಿನಲ್ಲಿ ಪಾಸಿಟಿವ್ ಚಿತ್ರ ಸಿಗುತ್ತದೆ. ಪ್ರಿಂಟ್ ಬೇಡ, ಸೀದಾ ಪ್ರೊಜೆಕ್ಟರಿಗೆ ಏರಿಸಿ. ದಟ್ಟ ಕಪ್ಪು, ಗಾಢ ನೀಲಿ ಆಕಾಶ, ಕಣ್ಣಿಗೆ ಹೊಡೆಯುವ ಕೆಂಪು, ಇದೇ ಅದರ ರುಚಿ. ಸೂಪರ್ 8ರ ಕೊಡಾಕ್ರೋಮ್ 40 ತಯಾರಿಕೆ 2005ರಲ್ಲೇ ನಿಂತಿತು. ಈಗ ಎಕ್ಟಾಕ್ರೋಮ್ 100ಡಿ ಇದೆ.

ಬೆಳಕಿನ ವಿಷಯದಲ್ಲಿ ಮಾತ್ರ ಇದಕ್ಕೆ ಕ್ಷಮೆ ಅನ್ನೋದೇ ಗೊತ್ತಿಲ್ಲ. ನೆಗೆಟಿವ್‌ನಲ್ಲಿ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು ಬೆಳಕು) ಜಾಸ್ತಿಯಾದರೂ ನಡೆಯುತ್ತದೆ, ಇಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ನಿಂತವರ ಬಿಳಿ ಅಂಗಿಯ ಮಡಿಕೆ, ಗುಂಡಿ ಎಲ್ಲ ಹಾರಿಹೋಗಿ ಬರೀ ಬಿಳಿ ತೇಪೆ ಉಳಿಯುತ್ತದೆ. ಹಾಗಾಗಿ ಹೊಳೆಯುವ ಭಾಗ ನೋಡಿಕೊಂಡು ಅಳೆಯಿರಿ, ನೆರಳು ಕಪ್ಪಾದರೆ ಆಗಲಿ ಬಿಡಿ. ನಾನಂತೂ ಮೂರನೇ ಒಂದು ಸ್ಟಾಪ್ ಕಡಿಮೆಯೇ ಇಡುತ್ತೇನೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲು, ಬೆನ್ನ ಹಿಂದೆ ಸೂರ್ಯ ಇದ್ದರೆ ಇನ್ನೂ ಒಳ್ಳೆಯದು.

ಹಳೆಯ ಕ್ಯಾಮೆರಾಗಳಲ್ಲಿ ಕೆಲವಕ್ಕೆ 40, 160 ಬಿಟ್ಟು ಬೇರೆ ಫಿಲ್ಮ್ ಸ್ಪೀಡೇ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಗೊತ್ತಿಲ್ಲ. 100ನ್ನು 160 ಅಂದುಕೊಂಡರೆ ಬೆಳಕು ಸಾಲದೆ ಚಿತ್ರ ಕಪ್ಪಾಗುತ್ತದೆ, ಆಗ ಕೈಯಲ್ಲೇ ಅಪರ್ಚರ್ (ಬೆಳಕು ಬಿಡುವ ಲೆನ್ಸಿನ ಕಿಂಡಿ) ಹಾಕಿ. ಒಳಗಿನ ಕಿತ್ತಳೆ ಫಿಲ್ಟರ್ ಕೂಡ ತೆಗೆಯಬೇಕು, ಅದು ಬಲ್ಬ್ ಬೆಳಕಿನ ಫಿಲ್ಮನ್ನು ಬಿಸಿಲಲ್ಲಿ ಬಳಸಲು, ಇದು ಹಗಲಿನ ಫಿಲ್ಮ್. ಸಾಮಾನ್ಯವಾಗಿ ಸ್ವಿಚ್ ಬಲ್ಬಿನ ಚಿತ್ರದ ಕಡೆ ಇದ್ದರೆ ಫಿಲ್ಟರ್ ಪಕ್ಕಕ್ಕೆ ಸರಿಯುತ್ತದೆ. ಬಿಸಿಲಲ್ಲಿ ನಿಂತು ಬಲ್ಬಿನ ಚಿತ್ರಕ್ಕೆ ಸ್ವಿಚ್ ಹಾಕೋದು ವಿಚಿತ್ರ ಅಲ್ವಾ!

50 ಅಡಿಯ ಕಾರ್ಟ್ರಿಡ್ಜ್ ಸೆಕೆಂಡಿಗೆ 18 ಫ್ರೇಮಿನಂತೆ 3 ನಿಮಿಷ 20 ಸೆಕೆಂಡ್ ಓಡುತ್ತದೆ, ಸುಮ್ನೆ ಟ್ರಿಗರ್ ಒತ್ತಬೇಡಿ. ತೊಳೆಸಲು ಕೊಡುವಾಗ ಇ-6 (ಈ ಫಿಲ್ಮ್ ತೊಳೆಯುವ ರಾಸಾಯನಿಕ ವಿಧಾನದ ಹೆಸರು) ಎಂದು ಸ್ಪಷ್ಟವಾಗಿ ಬರೆಯಿರಿ.